ಗಾಡಿ ಗಟ್ಟಿಯಿದೆ, ಕಂಪನಿ ಎಷ್ಟು ಗಟ್ಟಿ? ಹಾರ್ಲೆ-ಡೇವಿಡ್‌ಸನ್ ಎಕ್ಸ್440 ಕುರಿತು

ನನ್ನ ಅಕ್ಕನ ಮಗ ಹಾರ್ಲೆ-ಡೇವಿಡ್‌ಸನ್ ಎಕ್ಸ್440 ಮೋಟರ್ ಸೈಕಲ್ ಕೊಳ್ಳುವ ಮುನ್ನ ನನ್ನ ಅಭಿಪ್ರಾಯ ಕೇಳಲು ಟಿಳಕವಾಡಿಯ ನಮ್ಮ ಮನೆಗೆ ಬಂದಿದ್ದ. "ಮಾಮಾ, ಗಾಡಿ ಮನಸ್ಸಿಗೆ ಬಂದೈತಿ, ನೀವ ಒಂದ ಮಾತ ಹೇಳ್ರಿ" ಎಂದ. ಬೆಳಗಾವಿಯ ಉದ್ಯಮಬಾಗದಲ್ಲಿ ಇಪ್ಪತ್ತಾರು ವರ್ಷಗಳಿಂದ ಎರಕದ ಕೆಲಸ ಮಾಡಿಕೊಂಡು ಬಂದಿರುವ ನನಗೆ ಗಾಡಿಯ ಅಂದಚೆಂದಕ್ಕಿಂತ ಮೊದಲು ತೋಚಿದ್ದು ಬೇರೊಂದು ಪ್ರಶ್ನೆ. ಇನ್ನು ಹತ್ತು ವರ್ಷಕ್ಕೆ ಇದರ ಕ್ಲಚ್ ಪ್ಲೇಟು ಯಾರ ಅಂಗಡಿಯಲ್ಲಿ ಸಿಗುತ್ತದೆ ಎಂದು ಕೇಳಿದೆ. ಅವನ ಬಳಿ ಉತ್ತರವಿರಲಿಲ್ಲ, ನನ್ನ ಬಳಿಯೂ ಇರಲಿಲ್ಲ. ಅವನು ಗಾಡಿ ಕೊಂಡ. ಅಂದಿನಿಂದ ಎಂಟು ತಿಂಗಳಲ್ಲಿ ನಾನೂ ಅದನ್ನು ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ಓಡಿಸಿದ್ದೇನೆ, ಆ ಪ್ರಶ್ನೆಗೆ ಉತ್ತರವನ್ನೂ ಹುಡುಕಿದ್ದೇನೆ. ಈ ವಿಮರ್ಶೆಯಲ್ಲಿ ಗಾಡಿಯ ಮಾತಿಗಿಂತ ಅದನ್ನು ಮಾಡಿದವರ ಮಾತೇ ಹೆಚ್ಚಿದ್ದರೆ ಕಾರಣ ಅದು.

ಮೊದಲು ಗಾಡಿ. ಗಾಳಿ ಮತ್ತು ಎಣ್ಣೆಯಿಂದ ತಣಿಯುವ, ಒಂದೇ ಸಿಲಿಂಡರಿನ 440 ಸಿ.ಸಿ. ಎಂಜಿನ್ ಇದರದು. ಶಕ್ತಿ 27 ಅಶ್ವಶಕ್ತಿ, ಟಾರ್ಕ್ ಅಂದರೆ ಎಳೆಯುವ ಬಲ 38 ನ್ಯೂಟನ್ ಮೀಟರ್, ಗೇರು ಆರು, ತೂಕ 190 ಕಿಲೋ, ಪೆಟ್ರೋಲ್ ಟ್ಯಾಂಕು 13.5 ಲೀಟರಿನದು. ಕಾಗದದ ಮೇಲೆ ಇಪ್ಪತ್ತೇಳು ಅಶ್ವಶಕ್ತಿ ಎಂದರೆ ಈ ಬೆಲೆಗೆ ದೊಡ್ಡ ಸಂಖ್ಯೆಯಲ್ಲ. ಇದೇ ದರ್ಜೆಯ ಕೆಲವು ಗಾಡಿಗಳು ನಲವತ್ತರ ಹತ್ತಿರ ಕೊಡುತ್ತವೆ. ಆದರೆ ಈ ಎಂಜಿನ್ನಿನ ಗುಣ ತಿಳಿಯುವುದು ವೇಗದಲ್ಲಲ್ಲ, ಎಳೆತದಲ್ಲಿ.

ಕಬ್ಬಿನ ಹಂಗಾಮಿನಲ್ಲಿ ಬಾಗಲಕೋಟೆಗೆ ಹೋಗಿದ್ದೆ. ಯರಗಟ್ಟಿ ದಾಟಿ ಲೋಕಾಪುರದ ಕಡೆಗೆ ಸಾಗುವಾಗ ಎರಡೆರಡು ಟ್ರೇಲರ್ ಜೋಡಿಸಿಕೊಂಡ ಕಬ್ಬಿನ ಟ್ರ್ಯಾಕ್ಟರ್‌ಗಳು ಸಾಲು ಹಿಡಿದಿದ್ದವು. ಆ ರಸ್ತೆಯಲ್ಲಿ ಓಡಾಡಿದವರಿಗೆ ಗೊತ್ತು: ಮುಂದಿನದು ಕಾಣುವುದಿಲ್ಲ, ಹೊರಚಾಚಿದ ಕಬ್ಬಿನ ತುದಿಗಳು ಮುಖದ ಮಟ್ಟಕ್ಕೆ ಇರುತ್ತವೆ, ಎದುರಿನಿಂದ ಬಸ್ಸು ಬರುವ ಮೊದಲು ಸಿಗುವ ಬಿಡುವು ಬಹಳ ಚಿಕ್ಕದು. ನಾಲ್ಕನೆಯ ಗೇರಿನಲ್ಲಿ ನಲವತ್ತೈದರ ವೇಗದಲ್ಲಿದ್ದ ಗಾಡಿಗೆ ಗೇರ್ ಇಳಿಸದೆ ಎಕ್ಸಲರೇಟರ್ ಕೊಟ್ಟೆ. ಎಂಜಿನ್ ಕೆಮ್ಮಲಿಲ್ಲ, ಗಡಗಡಿಸಲಿಲ್ಲ, ಹಿಂದಿನಿಂದ ಯಾರೋ ಅಂಗೈ ಇಟ್ಟು ತಳ್ಳಿದಂತೆ ಎರಡೂ ಟ್ರೇಲರ್ ದಾಟಿಸಿತು. ನಮ್ಮ ಕಡೆಯ ರಸ್ತೆಗಳಲ್ಲಿ ಬೇಕಾದ ಶಕ್ತಿ ಇಂಥದೇ. ಗಂಟೆಗೆ ತೊಂಬತ್ತರ ಆಸುಪಾಸಿನಲ್ಲಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ನಿಪ್ಪಾಣಿಯವರೆಗೆ ಹೋಗಿಬಂದರೂ ಕೈ ಜೋಮು ಹಿಡಿಯಲಿಲ್ಲ. ಜಾಂಬೋಟಿ, ಕಣಕುಂಬಿ ಮಾರ್ಗವಾಗಿ ಚೋರ್ಲಾ ಘಾಟಿನ ತಿರುವುಗಳಲ್ಲಿ ಇಷ್ಟು ತೂಕದ ಗಾಡಿ ಇಷ್ಟು ನೆಚ್ಚಿಕೆಯಿಂದ ವಾಲುತ್ತದೆ ಎಂದು ನಾನು ಎಣಿಸಿರಲಿಲ್ಲ. ಮೈಲೇಜ್ ನನ್ನ ಲೆಕ್ಕದಲ್ಲಿ ಲೀಟರಿಗೆ ಮೂವತ್ತೆರಡು. ರೈಲ್ವೆ ಗೇಟು ಬಿದ್ದಾಗ ಸಾಲಿನಲ್ಲಿ ನಿಂತು ಅಂಗುಲ ಅಂಗುಲ ಸರಿಯುವಾಗ ತೂಕ ಕಾಲಿಗೆ ತಿಳಿಯುತ್ತದೆ, ಸೀಟಿನ ಎತ್ತರ 805 ಮಿಲಿಮೀಟರ್ ಆದ್ದರಿಂದ ಕುಳ್ಳಗಿರುವವರು ಕೊಳ್ಳುವ ಮೊದಲು ಕುಳಿತು ನೋಡಬೇಕು. ಗಾಡಿಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳುವ ಅಗತ್ಯ ನನಗೆ ಕಾಣುವುದಿಲ್ಲ. ಇದು ಒಳ್ಳೆಯ ಗಾಡಿ.

ಆದರೆ ಮೋಟರ್ ಸೈಕಲ್ ಕೊಳ್ಳುವವನು ಕೊಳ್ಳುವುದು ಕೇವಲ ಅಂದು ಶೋರೂಮಿನಲ್ಲಿ ನಿಂತಿರುವ ವಸ್ತುವನ್ನಲ್ಲ. ಅದನ್ನು ಮಾಡಿದ ಕಂಪನಿಯ ಮುಂದಿನ ಹದಿನೈದು ವರ್ಷಗಳನ್ನೂ ಅದೇ ಬೆಲೆಗೆ ಕೊಳ್ಳುತ್ತಾನೆ. ಇದನ್ನು ನಾನು ಕಲಿತದ್ದು ಸವಾರನಾಗಿ ಅಲ್ಲ, ಫೌಂಡ್ರಿಯಲ್ಲಿ.

ಬೆಳಗಾವಿಯ ಫೌಂಡ್ರಿಗಳು ವಾಹನ ಉದ್ಯಮಕ್ಕೆ ಬೀಡುಕಬ್ಬಿಣದ ಭಾಗಗಳನ್ನು ಎರಕ ಹೊಯ್ದು ಕೊಡುತ್ತವೆ. ಒಂದು ಭಾಗಕ್ಕೆ ಆರ್ಡರ್ ಬಂದಾಗ ಅದರ ಪ್ಯಾಟರ್ನ್, ಅಂದರೆ ಆ ಭಾಗದ ಆಕಾರದ ಮಾದರಿ, ನಮ್ಮ ಅಂಗಳಕ್ಕೆ ಬರುತ್ತದೆ. ಆ ಪ್ಯಾಟರ್ನನ್ನು ಮರಳಿನಲ್ಲಿ ಒತ್ತಿ ಅಚ್ಚು ಮಾಡಿ, ಒಳಗಿನ ಟೊಳ್ಳಿಗಾಗಿ ಕೋರ್ ಕೂರಿಸಿ, ಕರಗಿದ ಲೋಹ ಹೊಯ್ಯುತ್ತೇವೆ. ಒಂದು ಬಾರಿ ಕುಲುಮೆ ಹಚ್ಚಿ ಒಂದೇ ಭಾಗಕ್ಕೆ ಲೈನು ಹೊಂದಿಸಿದರೆ ಇಂತಿಷ್ಟು ನಗ ಆಗಲೇಬೇಕು. ಇಲ್ಲದಿದ್ದರೆ ವಿದ್ಯುತ್ತಿನ ಖರ್ಚೂ ಹುಟ್ಟುವುದಿಲ್ಲ. ವಾಹನದ ಬೇಡಿಕೆ ಇಳಿಯತೊಡಗಿದ ಸುದ್ದಿ ಪತ್ರಿಕೆಗೆ ಬರುವುದಕ್ಕಿಂತ ಎಷ್ಟೋ ಮೊದಲು ನಮಗೆ ಗೊತ್ತಾಗುತ್ತದೆ: ಎಷ್ಟು ನಗ ಬೇಕೆಂದು ತಿಳಿಸಿ ವಾರಕ್ಕೊಮ್ಮೆ ಬರುತ್ತಿದ್ದ ಷೆಡ್ಯೂಲು ತಿಂಗಳಿಗೊಮ್ಮೆ ಬರುತ್ತದೆ, ಆಮೇಲೆ ಮೂರು ತಿಂಗಳಿಗೊಮ್ಮೆ, ಆಮೇಲೆ ಪ್ಯಾಟರ್ನ್ ಗೋಡೆಗೆ ಒರಗಿ ನಿಲ್ಲುತ್ತದೆ. ನಮ್ಮ ಅಂಗಳದ ಮೂಲೆಯಲ್ಲಿ ಒಂದು ದ್ವಿಚಕ್ರ ವಾಹನದ ಬ್ರೇಕ್ ಡ್ರಮ್ಮಿನ ಪ್ಯಾಟರ್ನ್ ಏಳು ವರ್ಷ ಹಾಗೆ ನಿಂತಿತ್ತು. ಅದರ ನೀಲಿ ಬಣ್ಣ ಉದುರಿ, ಮೇಲೆ ಕೊಟ್ಟಿದ್ದ ನಂಬರು ಓದಲಾಗದಂತಾಗಿತ್ತು. ಆ ಗಾಡಿ ಇಟ್ಟುಕೊಂಡವರು ಒಂದಿಬ್ಬರು ಡ್ರಮ್ಮು ಸಿಗದೆ ನಮ್ಮ ಬಾಗಿಲಿಗೇ ಬಂದಿದ್ದರು. ಎರಡು ನಗಕ್ಕಾಗಿ ಅಚ್ಚು ಕಟ್ಟಲು ಆಗುವುದಿಲ್ಲ ಎಂದು ಹೇಳಿ ಕಳಿಸುವುದು ಬಹಳ ಸಂಕಟದ ಕೆಲಸವಾಗಿತ್ತು. ಕಂಪನಿ ಬಾಗಿಲು ಮುಚ್ಚಬೇಕೆಂದೇನಿಲ್ಲ, ಒಂದು ಮಾದರಿಯನ್ನು ಕೈಬಿಟ್ಟರೆ ಸಾಕು. ಬಿಡಿಭಾಗ ಸಿಗದಾಗುವುದು ಹೀಗೆ, ಒಂದೊಂದೇ ಪ್ಯಾಟರ್ನ್ ಗೋಡೆಗೆ ಒರಗುತ್ತಾ.

ಈ ಕಣ್ಣಿನಿಂದ ಹಾರ್ಲೆ-ಡೇವಿಡ್‌ಸನ್ ಕಂಪನಿಯನ್ನು ನೋಡಿದರೆ ಚಿಂತೆಯಾಗುತ್ತದೆ. 1903ರಲ್ಲಿ ಅಮೆರಿಕದ ಮಿಲ್ವಾಕಿಯಲ್ಲಿ ಹುಟ್ಟಿದ ಈ ಕಂಪನಿ 2006ರಲ್ಲಿ ಕಾರ್ಖಾನೆಯಿಂದ ಹೊರಗೆ ಕಳಿಸಿದ ಗಾಡಿಗಳು ಸುಮಾರು 3 ಲಕ್ಷ 49 ಸಾವಿರ. 2024ರಲ್ಲಿ ಆ ಸಂಖ್ಯೆ 1 ಲಕ್ಷ 49 ಸಾವಿರದ ಆಸುಪಾಸಿಗೆ ಬಂದಿದೆ. ಹದಿನೆಂಟು ವರ್ಷಗಳಲ್ಲಿ ಅರ್ಧಕ್ಕೂ ಹೆಚ್ಚು ಬೇಡಿಕೆ ಕರಗಿದೆ. ಒಂದು ವರ್ಷದ ಮಳೆ ಕೈಕೊಟ್ಟಂತೆ ಇದು ಆಕಸ್ಮಿಕವಲ್ಲ, ಬಾವಿಯ ಸೆಲೆಯೇ ಇಳಿದಂತೆ. ಅಮೆರಿಕದಲ್ಲಿ ಈ ಗಾಡಿಯನ್ನು ಪ್ರೀತಿಸಿ ಕೊಂಡ ತಲೆಮಾರಿಗೆ ಈಗ ವಯಸ್ಸಾಗಿದೆ. ಮುನ್ನೂರು, ನಾನೂರು ಕಿಲೋ ತೂಗುವ ಗಾಡಿಯನ್ನು ಅವರ ಮಂಡಿ ತಡೆಯುವುದಿಲ್ಲ. ಅವರ ಮಕ್ಕಳಿಗೆ ಅಷ್ಟು ದುಡ್ಡು ಕೊಟ್ಟು ಅಷ್ಟು ದೊಡ್ಡ ಗಾಡಿ ಕೊಳ್ಳುವ ಮನಸ್ಸಿಲ್ಲ, ಬಡ್ಡಿದರ ಏರಿದ ಮೇಲೆ ಶಕ್ತಿಯೂ ಇಲ್ಲ. ಹಳೆಯ ಹಾರ್ಲೆಗಳು ಗಟ್ಟಿಮುಟ್ಟಾಗಿರುವುದರಿಂದ ಬೇಕಾದವರು ಸೆಕೆಂಡ್ ಹ್ಯಾಂಡ್ ಕೊಳ್ಳುತ್ತಾರೆ. ಚೆನ್ನಾಗಿ ಮಾಡಿದ ಗಾಡಿಯೇ ಹೊಸ ಗಾಡಿಗೆ ಪ್ರತಿಸ್ಪರ್ಧಿಯಾಗಿ ನಿಲ್ಲುತ್ತದೆ.

ಈ ಕಂಪನಿ ಸಾವಿನ ದವಡೆಯಿಂದ ಪಾರಾಗಿ ಬಂದ ಇತಿಹಾಸವೂ ಇದೆ, ಅದನ್ನು ಹೇಳದಿದ್ದರೆ ಅನ್ಯಾಯ. 1969ರಲ್ಲಿ ಎಎಂಎಫ್ ಎಂಬ ಸಂಸ್ಥೆ ಇದನ್ನು ಕೊಂಡ ಮೇಲೆ ಗುಣಮಟ್ಟ ಕುಸಿದು ಹೆಸರು ಕೆಟ್ಟಿತ್ತು. 1981ರಲ್ಲಿ ಕಂಪನಿಯ ಹದಿಮೂರು ಜನ ಅಧಿಕಾರಿಗಳು ಸಾಲಸೋಲ ಮಾಡಿ ಅದನ್ನು ಮರಳಿ ಕೊಂಡರು. 1983ರಲ್ಲಿ ಅಮೆರಿಕ ಸರ್ಕಾರ 700 ಸಿ.ಸಿ.ಗಿಂತ ದೊಡ್ಡ ಆಮದು ಗಾಡಿಗಳ ಮೇಲೆ ಭಾರಿ ಸುಂಕ ಹಾಕಿ ಜಪಾನಿ ಕಂಪನಿಗಳ ಪೈಪೋಟಿಯಿಂದ ಬಿಡುವು ಪಡೆದು ಉಸಿರಾಡಲು ಐದು ವರ್ಷದ ಅವಕಾಶ ಕೊಟ್ಟಿತು. ಆ ಅವಧಿಯನ್ನು ಇವರು ವ್ಯರ್ಥ ಮಾಡಲಿಲ್ಲ. ಎಂಜಿನ್ ಸುಧಾರಿಸಿದರು, ಜಪಾನಿಯರಂತೆಯೇ ದಾಸ್ತಾನು ಇಳಿಸಿ ಕಾರ್ಖಾನೆ ನಡೆಸುವುದನ್ನು ಕಲಿತರು, 1987ರಲ್ಲಿ ಅವಧಿ ಮುಗಿಯುವ ಮೊದಲೇ ಸುಂಕ ಸಾಕೆಂದು ತಾವೇ ಹೇಳಿದರು. ಎರಕದ ಕೆಲಸದವನಾಗಿ ಆ ಆರು ವರ್ಷಗಳ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಅಂದಿನ ರೋಗ ಬೇರೆ, ಇಂದಿನದು ಬೇರೆ. ಅಂದು ಕೊಳ್ಳುವವರಿದ್ದರು, ಗಾಡಿ ಸರಿಯಿರಲಿಲ್ಲ. ಇಂದು ಗಾಡಿ ಸರಿಯಿದೆ, ಕೊಳ್ಳುವವರು ಕಡಿಮೆಯಾಗಿದ್ದಾರೆ. ಗಾಡಿ ರಿಪೇರಿ ಮಾಡಬಹುದು. ಹೊಸ ಸವಾರರನ್ನು ಹುಟ್ಟಿಸಬೇಕಾದರೆ ಹೊಸ ಗಾಡಿ ಬೇಕು, ಸಣ್ಣ ಗಾಡಿ ಬೇಕು, ಮತ್ತು ಅದನ್ನು ಹತ್ತಾರು ವರ್ಷ ಕೈಬಿಡದೆ ಸಾಕುವ ತಾಳ್ಮೆ ಬೇಕು.

ತಾಳ್ಮೆಯ ವಿಷಯದಲ್ಲಿ ಹಾರ್ಲೆಯ ಚರಿತ್ರೆ ಭರವಸೆ ಹುಟ್ಟಿಸುವಂಥದಲ್ಲ. 1960ರಲ್ಲಿ ಇಟಲಿಯ ಎರ್ಮಾಕ್ಕಿ ಕಂಪನಿಯಲ್ಲಿ ಪಾಲು ಪಡೆದು ಸ್ಪ್ರಿಂಟ್ ಎಂಬ 250 ಸಿ.ಸಿ. ಗಾಡಿ ಮಾರಿತು, 1978ರಲ್ಲಿ ಆ ಕಾರ್ಖಾನೆಯನ್ನೇ ಮಾರಿತು. ಬ್ಯುಯೆಲ್ ಎಂಬ ತನ್ನದೇ ಸ್ಪೋರ್ಟ್ಸ್ ಗಾಡಿಗಳ ವಿಭಾಗವನ್ನು 2009ರಲ್ಲಿ ಮುಚ್ಚಿತು. 2008ರಲ್ಲಿ ಕೊಂಡ ಇಟಲಿಯ ಎಂವಿ ಅಗಸ್ಟಾ ಗಾಡಿ ಕಂಪನಿಯನ್ನು 2010ರಲ್ಲೇ ಬಿಟ್ಟುಕೊಟ್ಟಿತು. ವಿದ್ಯುತ್ ಗಾಡಿ ಲೈವ್‌ವೈರ್ 2019ರಲ್ಲಿ ಬಂತು, ಆಮೇಲೆ ಪ್ರತ್ಯೇಕ ಕಂಪನಿಯಾಯಿತು, 2024ರ ಇಡೀ ವರ್ಷದಲ್ಲಿ ಅದು ಮಾರಿದ್ದು ಸಾವಿರಕ್ಕೂ ಕಡಿಮೆ ಗಾಡಿ. ಕಷ್ಟ ಬಂದಾಗಲೆಲ್ಲ ದೊಡ್ಡ ಗಾಡಿಯ ಹಳೆಯ ಗಿರಾಕಿಯ ಕಡೆಗೆ ಮುಖ ತಿರುಗಿಸಿ, ಉಳಿದದ್ದನ್ನು ಕೈಬಿಡುವುದು ಈ ಮನೆಯ ರೂಢಿ.

ಈ ರೂಢಿಯ ಬಿಸಿ ನಮ್ಮ ದೇಶಕ್ಕೂ ತಟ್ಟಿದೆ. 2009ರಲ್ಲಿ ಭಾರತಕ್ಕೆ ಬರುವುದಾಗಿ ಹೇಳಿದ ಕಂಪನಿ 2011ರಲ್ಲಿ ಹರಿಯಾಣದ ಬಾವಲ್‌ನಲ್ಲಿ ಜೋಡಣೆ ಘಟಕ ತೆರೆಯಿತು, 2014ರಲ್ಲಿ ಸ್ಟ್ರೀಟ್ 750 ತಂದಿತು. 2018ರಲ್ಲಿ ಏಷ್ಯಾಕ್ಕೆ 250ರಿಂದ 500 ಸಿ.ಸಿ.ಯ ಸಣ್ಣ ಗಾಡಿಗಳನ್ನು ತರುತ್ತೇವೆ ಎಂದು ದೊಡ್ಡ ಯೋಜನೆ ಪ್ರಕಟಿಸಿತು. 2020ರಲ್ಲಿ ಯೋಹೆನ್ ಝೈಟ್ಸ್ ಮುಖ್ಯಸ್ಥರಾದರು, ಯೋಜನೆ ಬದಲಾಯಿತು, ಆ ವರ್ಷದ ಸೆಪ್ಟೆಂಬರ್‌ನಲ್ಲಿ ಬಾವಲ್ ಘಟಕ ಮುಚ್ಚುವ ನಿರ್ಧಾರ ಹೊರಬಿತ್ತು. ಹಣ ಹೂಡಿದ ಡೀಲರುಗಳು ದಿಕ್ಕುಗಾಣದೆ ನಿಂತರು. ಒಂದು ತಿಂಗಳ ನಂತರ ಹೀರೋ ಮೋಟೊಕಾರ್ಪ್ ಜೊತೆ ಒಪ್ಪಂದವಾಯಿತು: ಭಾರತದಲ್ಲಿ ಹಾರ್ಲೆ ಗಾಡಿಗಳ ಮಾರಾಟ, ಸರ್ವಿಸಿಂಗ್, ಬಿಡಿಭಾಗ ಎಲ್ಲವೂ ಹೀರೋ ಹೊಣೆ, ಜೊತೆಗೆ ಹಾರ್ಲೆ ಹೆಸರಿನಲ್ಲಿ ಹೊಸ ಗಾಡಿಯೊಂದನ್ನು ಹೀರೋ ತಯಾರಿಸುವುದು. ಆ ಒಪ್ಪಂದದ ಫಲವೇ ಎಕ್ಸ್440. 2023ರ ಜುಲೈನಲ್ಲಿ 2.29 ಲಕ್ಷ ರೂಪಾಯಿಯ ಆರಂಭಿಕ ಬೆಲೆಗೆ ಬಂದು, ಮೊದಲ ಸುತ್ತಿನಲ್ಲೇ 25,597 ಬುಕಿಂಗ್ ಪಡೆಯಿತು.

ಆದ್ದರಿಂದ ನನ್ನ ಅಳಿಯನ ಗಾಡಿಯ ಕ್ಲಚ್ ಪ್ಲೇಟಿನ ಭವಿಷ್ಯ ಮಿಲ್ವಾಕಿಯಲ್ಲಿಲ್ಲ. ಅದನ್ನು ಜೋಡಿಸುವುದು ರಾಜಸ್ಥಾನದ ನೀಮ್ರಾಣಾದಲ್ಲಿರುವ ಹೀರೋ ಕಾರ್ಖಾನೆ. ಇಡೀ ಎಂಟು ತಿಂಗಳ ಹುಡುಕಾಟದಲ್ಲಿ ನನಗೆ ಸಿಕ್ಕ ಅತ್ಯಂತ ಸಮಾಧಾನದ ಸಂಗತಿ ಇದು. ಹಳ್ಳಿಹಳ್ಳಿಗೆ ಸ್ಪ್ಲೆಂಡರಿನ ಬಿಡಿಭಾಗ ಮುಟ್ಟಿಸುವ ಕಂಪನಿಗೆ ಒಂದು ಫಿಲ್ಟರನ್ನು ಬೆಳಗಾವಿಗೆ ತಲುಪಿಸುವ ದಾರಿ ಗೊತ್ತಿದೆ. ಆದರೂ ಅಳುಕು ಪೂರ್ತಿ ಹೋಗಿಲ್ಲ. ಇದೇ ಎಂಜಿನ್ ಹಾಕಿ ಹೀರೋ 2024ರಲ್ಲಿ ತನ್ನ ಹೆಸರಿನಲ್ಲೇ ತಂದ ಮ್ಯಾವ್ರಿಕ್ 440 ಜನರ ಮನಸ್ಸು ಗೆಲ್ಲಲಿಲ್ಲ. ಒಂದೇ ಎಂಜಿನ್ನು ಎರಡು ಮೂರು ಗಾಡಿಗಳಲ್ಲಿ ಓಡಿದರೆ ಅದರ ಭಾಗಗಳ ಷೆಡ್ಯೂಲು ನಿಲ್ಲುವುದಿಲ್ಲ; ಒಂದೇ ಗಾಡಿಯನ್ನು ನೆಚ್ಚಿಕೊಂಡ ಎಂಜಿನ್ನಿಗೆ ಆ ರಕ್ಷಣೆಯಿಲ್ಲ. ಇದು ನನ್ನ ವೃತ್ತಿಯ ಲೆಕ್ಕಾಚಾರ. ಈ ಎಂಜಿನ್ ಇನ್ನೂ ಹೆಚ್ಚು ಗಾಡಿಗಳಿಗೆ ಹೋಗಲಿ ಎಂದು ಮನಸಾರೆ ಬಯಸುತ್ತೇನೆ.

ತೆರಿಗೆಯ ಮಾತೂ ಇದಕ್ಕೆ ಸೇರಿದ್ದು. 2025ರ ಸೆಪ್ಟೆಂಬರ್ 22ರಿಂದ 350 ಸಿ.ಸಿ.ವರೆಗಿನ ಗಾಡಿಗಳ ಜಿಎಸ್‌ಟಿ 28ರಿಂದ 18 ಪ್ರತಿಶತಕ್ಕೆ ಇಳಿಯಿತು, ಅದಕ್ಕಿಂತ ದೊಡ್ಡವುಗಳದ್ದು ಸೆಸ್ ಸೇರಿ 31 ಇದ್ದದ್ದು 40 ಆಯಿತು. ಎಕ್ಸ್440 ಆ ಗೆರೆಯಿಂದ ಕೇವಲ ತೊಂಬತ್ತು ಸಿ.ಸಿ. ಆಚೆ ನಿಂತಿದೆ.

ನಮ್ಮ ನಾಡಿನವರಿಗೆ ಈ ಕಥೆ ಹೊಸತಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ನನ್ನ ಕಾಕಾ ಅವರ ಬಳಿ ಇತ್ತು. ಗೇರ್ ಹಾಕುವ ಸನ್ನೆಯನ್ನೇ ಮೇಲೆತ್ತಿ ಹಿಂದೆ ತಿರುಗಿಸಿದರೆ ಅದೇ ಕಿಕ್ ಆಗುತ್ತಿತ್ತು. ಚಿಕ್ಕವನಿದ್ದಾಗ ಅದನ್ನು ತಿರುಗಿಸುವ ಅವಕಾಶಕ್ಕಾಗಿ ಬೆಳಿಗ್ಗೆ ಬೇಗ ಎದ್ದು ಅಂಗಳದಲ್ಲಿ ಕಾಯುತ್ತಿದ್ದೆ. 1985ರಲ್ಲಿ ಹೀರೋ ಹೋಂಡಾದ ಸಿಡಿ 100 ಬಂತು. ಎರಡು ಸ್ಟ್ರೋಕಿನ ಯೆಜ್ಡಿ ಕುಡಿಯುತ್ತಿದ್ದ ಪೆಟ್ರೋಲಿಗೆ ಆ ಪುಟ್ಟ ನಾಲ್ಕು ಸ್ಟ್ರೋಕಿನ ಗಾಡಿ ಎರಡು ಪಟ್ಟಿಗೂ ಹೆಚ್ಚು ದೂರ ಓಡುತ್ತಿತ್ತು. ಹೊಗೆಯ ನಿಯಮಗಳೂ ಬಿಗಿಯಾದವು. ಮೈಸೂರಿನವರು ಹೊಸ ಎಂಜಿನ್ ತರಲಾಗದೆ 1996ರಲ್ಲಿ ಕಾರ್ಖಾನೆ ಮುಚ್ಚಿದರು. ಕಾಕಾ ಅವರು ಆಮೇಲೂ ಹನ್ನೊಂದು ವರ್ಷ ಆ ಗಾಡಿ ಓಡಿಸಿದರು, ಏಕೆಂದರೆ ಲಕ್ಷಾಂತರ ಯೆಜ್ಡಿಗಳು ರಸ್ತೆಯ ಮೇಲಿದ್ದವು, ಬಿಡಿಭಾಗಗಳನ್ನು ಸಣ್ಣಪುಟ್ಟ ಕಾರ್ಖಾನೆಗಳೇ ಮಾಡಿ ಮಾರುತ್ತಿದ್ದವು, ಮತ್ತು ಪಿಸ್ಟನ್ ಬದಲಿಸಲು ಮಿಸ್ತ್ರಿಗೆ ಒಂದು ಮಧ್ಯಾಹ್ನ ಸಾಕಿತ್ತು. ಇಂದಿನ ಫ್ಯೂಯೆಲ್ ಇಂಜೆಕ್ಷನ್ ಗಾಡಿಗೆ ಆ ಸೌಲಭ್ಯವಿಲ್ಲ. ಎಂಜಿನ್ನನ್ನು ನಿಯಂತ್ರಿಸುವ ಪುಟ್ಟ ಕಂಪ್ಯೂಟರ್ ಆದ ಅದರ ಇಸಿಯು ಕೆಟ್ಟರೆ ಯಾವ ಫೌಂಡ್ರಿಯೂ ಅದನ್ನು ಎರಕ ಹೊಯ್ದು ಕೊಡಲಾರದು. ಅಂದು ಯೆಜ್ಡಿಯ ಮಾರುಕಟ್ಟೆಯನ್ನು ಕಸಿದುಕೊಂಡ ಹೀರೋ ಮನೆತನವೇ ಇಂದು ಅಮೆರಿಕದ ಹಳೆಯ ಕಂಪನಿಗೆ ಆಸರೆಯಾಗಿ ನಿಂತಿರುವುದನ್ನು ನೋಡಿದರೆ ಕಾಕಾ ಏನೆನ್ನುತ್ತಿದ್ದರೋ ಎಂದು ಅನೇಕ ಸಲ ಅಂದುಕೊಂಡಿದ್ದೇನೆ.

ಇಳಿದ ಬೇಡಿಕೆಯನ್ನು ಮತ್ತೆ ಏರಿಸಿದ ಉದಾಹರಣೆಯೂ ನಮ್ಮ ಕಣ್ಣಮುಂದೆಯೇ ಇದೆ. 2000ದ ಸುಮಾರಿಗೆ ರಾಯಲ್ ಎನ್‌ಫೀಲ್ಡ್ ಮುಚ್ಚುವ ಅಂಚಿನಲ್ಲಿತ್ತು. ಸಿದ್ಧಾರ್ಥ ಲಾಲ್ ಹೊಣೆ ಹೊತ್ತ ಮೇಲೆ ರೂಪವನ್ನು ಹಳೆಯದಾಗಿಯೇ ಉಳಿಸಿ ಎಂಜಿನ್ನನ್ನು ಬುಡದಿಂದ ಹೊಸದು ಮಾಡಿದರು. ಎಣ್ಣೆ ಸೋರುವುದು ನಿಂತಿತು, ಗೇರು ಎಡಗಾಲಿಗೆ ಬಂತು, ಮಿಸ್ತ್ರಿಯ ಮನೆಗೆ ವಾರಕ್ಕೊಮ್ಮೆ ಹೋಗುವುದು ತಪ್ಪಿತು. 2024-25ರ ಆರ್ಥಿಕ ವರ್ಷದಲ್ಲಿ ಆ ಕಂಪನಿ ಮಾರಿದ ಗಾಡಿಗಳು ಹತ್ತು ಲಕ್ಷ ದಾಟಿದವು. ಹೆಚ್ಚಿನವು 350 ಸಿ.ಸಿ.ಯವು. ಅಮೆರಿಕದ ಹಾರ್ಲೆ ಒಂದೂವರೆ ಲಕ್ಷ ಗಾಡಿ ಮಾರುವ ಹೊತ್ತಿನಲ್ಲಿ ಚೆನ್ನೈನ ಕಂಪನಿ ಅದರ ಆರೇಳು ಪಟ್ಟು ಮಾರುತ್ತಿದೆ. ಹೆಸರಿನ ಗತ್ತು ಎರಡಕ್ಕೂ ಇತ್ತು. ಒಬ್ಬರು ಆ ಗತ್ತನ್ನು ಸಾಮಾನ್ಯ ನೌಕರನ ಕಂತಿಗೆ ನಿಲುಕುವ ಬೆಲೆಗೆ ತಂದರು, ಇನ್ನೊಬ್ಬರು ಅದರ ಬೆಲೆಯನ್ನು ಏರಿಸುತ್ತಲೇ ಹೋದರು. 2025ರಲ್ಲಿ ಹಾರ್ಲೆಯೂ ಆರು ಸಾವಿರ ಡಾಲರಿಗಿಂತ ಕಡಿಮೆ ಬೆಲೆಗೆ ಸ್ಪ್ರಿಂಟ್ ಎಂಬ ಹಳೆಯ ಹೆಸರಿನಲ್ಲೇ ಸಣ್ಣ ಗಾಡಿ ತರುವುದಾಗಿ ಹೇಳಿತು, ಅದೇ ವರ್ಷದ ಅಕ್ಟೋಬರ್‌ನಲ್ಲಿ ಆರ್ಟಿ ಸ್ಟಾರ್ಸ್ ಎಂಬ ಹೊಸ ಮುಖ್ಯಸ್ಥರೂ ಬಂದರು. ಕಂಪನಿ ಉಳಿಯುವ ದಾರಿ ಇದೇ ಎಂಬುದು ನನ್ನ ಗಟ್ಟಿ ನಂಬಿಕೆ. ನಾಲ್ಕು ವರ್ಷ ಲಾಭ ಕಾಣದಿದ್ದರೂ ಈ ಸಲ ಕೈಬಿಡಬಾರದು.

ಮೊದಲೆರಡು ಸರ್ವಿಸಿಂಗ್ ಅಳಿಯ ಅಧಿಕೃತ ಕೇಂದ್ರದಲ್ಲಿಯೇ ಮಾಡಿಸಿದ್ದಾನೆ. ನಮ್ಮ ಓಣಿಯ ಮಿಸ್ತ್ರಿಗೂ ಒಮ್ಮೆ ಗಾಡಿ ತೋರಿಸಿದೆ. ಮೂವತ್ತು ವರ್ಷ ಎಂಜಿನ್ ಬಿಚ್ಚಿ ಕೂಡಿಸಿದ ಕೈ ಅವರದು. ಗಾಡಿಯನ್ನು ಚಾಲೂ ಮಾಡಿಸಿ, ಕುಕ್ಕರಗಾಲಲ್ಲಿ ಕೂತು ಸಿಲಿಂಡರಿನ ಪಕ್ಕ ಕಿವಿಯಿಟ್ಟು ಕೇಳಿ, ಚೈನಿನ ಬಿಗಿ ನೋಡಿ, ಬೆರಳಿನಿಂದ ಫಿನ್ನುಗಳ ಅಂಚು ಸವರಿ, "ಎಂಜಿನ್ ಭಾಳ ಛಲೋ ಐತ್ರಿ ಸಾಹೇಬ್ರ, ಆದರ ಸಾಮಾನ ಸಿಗಬೇಕ ನೋಡ್ರಿ" ಎಂದರು. ಇಷ್ಟು ಬರೆದು ನಾನು ಹೇಳಿದ್ದೂ ಅವರು ಹೇಳಿದ್ದೂ ಒಂದೇ.

ನೂರು ಕಿಲೋಮೀಟರ್ ಒಳಗೆ ಅಧಿಕೃತ ಸರ್ವಿಸ್ ಕೇಂದ್ರವಿರುವವರು, ಗಾಡಿಯನ್ನು ಆರೇಳು ವರ್ಷ ಇಟ್ಟುಕೊಳ್ಳುವವರು, ಊರೂರಿಗೆ ದೂರದ ಸವಾರಿ ಮಾಡುವವರು ಎಕ್ಸ್440 ಧೈರ್ಯವಾಗಿ ಕೊಳ್ಳಬಹುದು. ದಿನಕ್ಕೆ ಹತ್ತು ಕಿಲೋಮೀಟರ್ ಪೇಟೆಯೊಳಗೆ ಓಡಾಡುವವರಿಗೆ, ಅಪ್ಪನ ಗಾಡಿಯನ್ನು ಮಗನಿಗೆ ಕೊಡುವ ಲೆಕ್ಕದಲ್ಲಿ ಇಪ್ಪತ್ತು ವರ್ಷ ಇಟ್ಟುಕೊಳ್ಳುವವರಿಗೆ 350 ಸಿ.ಸಿ.ಯ ಗಾಡಿಯೇ ಮೇಲು. ಹಳೆಯದನ್ನು ಕೊಳ್ಳುವವರು ಸರ್ವಿಸ್ ದಾಖಲೆ ನೋಡದೆ ಮುಂಗಡ ಕೊಡಬಾರದು. ನನ್ನ ಅಳಿಯನಿಗೆ ನಾನು ಹೇಳಿದ್ದು ಇಷ್ಟು: ಕ್ಲಚ್ ಪ್ಲೇಟು ಒಂದು ಸೆಟ್ಟು, ಕ್ಲಚ್ ಕೇಬಲ್ಲು, ಬ್ರೇಕ್ ಪ್ಯಾಡು, ಎರಡು ಆಯಿಲ್ ಫಿಲ್ಟರ್ ಈಗಲೇ ತಂದು ಮನೆಯಲ್ಲಿಡು. ಕಳೆದ ಶನಿವಾರ ಅವನು ಅವೆಲ್ಲವನ್ನೂ ತಂದು, ಎಣ್ಣೆ ಕಾಗದದಲ್ಲಿ ಸುತ್ತಿ, ಕಾಕಾ ಅವರ ಯೆಜ್ಡಿಯ ಪಾನಾಗಳಿರುವ ತಗಡಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾನೆ.